ಪುಳ್ಳಿಗೊಂದು ರಟ್ಟಿನ ರಾಕ್ಷಸ°

ಛದ್ಮವೇಷ ಹೇಳಿರೆ ಎಂಗೊ ಶಾಲಗೆ ಹೋಪ ಕಾಲಲ್ಲಿ ಇದ್ದದು ನಾಲ್ಕೋ ಐದೋ ವೇಷ. ಕೃಷ್ಣ, ಗಾಂಧಿಅಜ್ಜ°, ಮೀನು ಮಾರುವ ಹೆಣ್ಣು, ಕೊರವಂಜಿ, ಹೆಚ್ಚು ಹೇಳಿರೆ ಒಬ್ಬ° ಡಾಕ್ಟ್ರ°. ಕೃಷ್ಣಂಗೆ ಅಬ್ಬೆಯ ಪಟ್ಟೆ ಶಾಲುದೇ ಒಂದು ನವಿಲುಗರಿದೇ ಸಾಕು. ಗಾಂಧಿಗೆ ಅಜ್ಜನ ಕನ್ನಡ್ಕ, ಅಜ್ಜನ ದೊಣ್ಣೆ. ಹತ್ತು ನಿಮಿಷಲ್ಲಿ ವೇಷ ತಯಾರು. ಎನ್ನ ಮಗನನ್ನೂ ಎರಡು ವರ್ಷ ಕೃಷ್ಣನನ್ನೇ ಮಾಡಿ ಕಳುಸಿತ್ತಿದ್ದೆ. ಕೊಳಲು ಹೇಳಿ ಕೈಗೆ ಕೊಟ್ಟದು ತೋಟಕ್ಕೆ ನೀರು ಬಿಡುವ ಪೈಪಿನ ತುಂಡು, ಅದಕ್ಕೆ ಜರಿ ಕಾಗದ ಸುತ್ತಿ.

ಈಗ ಪುಳ್ಳಿಯ ಕಾಲ. ಮೂರನೇ ಕ್ಲಾಸು. ನವೆಂಬರ 14ಕ್ಕೆ ಮಕ್ಕಳ ದಿನಾಚರಣೆ, ಅಂದು ಛದ್ಮವೇಷ ಇದ್ದು ಹೇಳಿ ಶಾಲೆಂದ ಚೀಟಿ ಬಂತು. "ಎಂತ ವೇಷ ಅಕ್ಕು ಪುಟ್ಟಾ?" ಕೇಳಿದೆ. "ಕ್ರೀಪರ್" ಹೇಳಿದ°. ಕ್ರೀಪರ್ ಹೇಳಿರೆ ಎನಗೆ ಗೊಂತಿಪ್ಪದು ಬಳ್ಳಿ. ನರ್ಸರಿಲಿ ಹೂಗಿನ ಬಳ್ಳಿಗೆ ಹಾಂಗೇ ಅಲ್ದೋ ಹೇಳುದು. "ಸುಲಾಬ ಆತು, ಮೈಗೆ ನಾಲ್ಕು ಮಾರು ಬಸಳೆ ಸುತ್ತುವ°" ಹೇಳಿದೆ. ಅವ° ಎನ್ನ ಮೋರೆಯ ಒಂದರಿ ನೋಡಿದ°, ಅಪ್ಪನ ಮೊಬೈಲು ತಂದು ತೋರ್ಸಿದ°.

ಚೌಕ ಚೌಕದ ಒಂದು ಲೋಕ. ಮರವೂ ಚೌಕ, ದನವೂ ಚೌಕ, ಆಕಾಶಲ್ಲಿ ಇಪ್ಪ ಸೂರ್ಯನೂ ಚೌಕ. ಅದರ ಎಡೆಲಿ ಹಶುರು ಬಣ್ಣದ, ಕಂಬದ ಹಾಂಗಿಪ್ಪ ಒಂದು ಪ್ರಾಣಿ. ಕೈ ಇಲ್ಲೆ. ಕುತ್ತ ನಿಂದ ಮೈ, ಅಡಿಲಿ ನಾಲ್ಕು ಮೊಟಕು ಕಾಲು, ಮೇಲೆ ಪೆಟ್ಟಿಗೆಯ ಹಾಂಗಿಪ್ಪ ತಲೆ. ಎರಡು ಕಪ್ಪು ಕಣ್ಣು, ಬಾಯಿ ಕೆಳ ಜಾರಿ, ಈಗ ಕೂಗುಗೋ ಹೇಳಿ ಕಾಂಬ ಹಾಂಗೆ. ಅದು ರಾಕ್ಷಸ° ಅಡ. ಎನಗೆ ಹೆದರಿಕೆ ಆಯಿದಿಲ್ಲೆ, ಪಾಪ ಕಂಡತ್ತು.

ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದ ಮಾರ್ಕಸ್ ಪರ್ಸನ್ ಹೇಳುವ ಜನ 2009ರಲ್ಲಿ ಸುರು ಮಾಡಿದ್ದು. ಲೋಕಲ್ಲಿ ಅತಿ ಹೆಚ್ಚು ಮಾರಾಟ ಆದ ಆಟಂಗಳಲ್ಲಿ ಅದೊಂದು. ಅದೆಲ್ಲ ಇರಳಿ. ಈ ಕ್ರೀಪರ್ ಹುಟ್ಟಿದ ಕತೆ ಎನಗೆ ಭಾರೀ ಕೊಶಿ ಆತು. ಆ ಜನ ಮಾಡ್ಲೆ ಹೆರಟದು ಹಂದಿಯ. ಉದ್ದದ ಲೆಕ್ಕ ಎತ್ತರಕ್ಕೆ, ಎತ್ತರದ ಲೆಕ್ಕ ಉದ್ದಕ್ಕೆ ಹೋಗಿ, ಅಡ್ಡ ನಿಲ್ಲೆಕ್ಕಾದ ಹಂದಿ ಕುತ್ತ ನಿಂದತ್ತು. ಅದರ ತೆಗದು ಇಡ್ಕದ್ದೆ, ಹಶುರು ಬಣ್ಣ ಕೊಟ್ಟು ರಾಕ್ಷಸ° ಮಾಡಿ ಮಡುಗಿದವು. ಗಣಪತಿಯ ಮಾಡ್ಲೆ ಹೋಗಿ ಮಂಗ° ಆತು ಹೇಳಿ ನಾವು ನೆಗೆ ಮಾಡ್ತು. ಇವು ಆ ಮಂಗನನ್ನೇ ಕೂರ್ಸಿ ಪೂಜೆ ಮಾಡಿದವು.

ಅದರ ಗುಣವನ್ನೂ ಕೇಳೆಕ್ಕು. ಬಾಕಿ ರಾಕ್ಷಸಂಗೊ ಬಪ್ಪಗ ಎಂತಾರು ಶಬ್ದ ಮಾಡುಗು. ಇದು ಸದ್ದೇ ಇಲ್ಲದ್ದೆ ಬೆನ್ನಹಿಂದೆ ಬಂದು ನಿಲ್ಲುತ್ತು. ಹತ್ತರೆ ಬಂದ ಮತ್ತೆ "ಸ್ಸ್ಸ್" ಹೇಳಿ ಒಂದು ಶಬ್ದ, ಕುಕ್ಕರು ಸೀಟಿ ಹಾಕುವ ಮದಲು ಮಾಡ್ತನ್ನೆ, ಹಾಂಗೆ. ಒಂದೂವರೆ ಸೆಕೆಂಡಿಲಿ ಹೊಟ್ಟಿತ್ತು. ನಾವು ಗಂಟೆಗಟ್ಲೆ ಕಷ್ಟಪಟ್ಟು ಕಟ್ಟಿದ ಮನೆಯ ಗೋಡೆದೇ ಅದರೊಟ್ಟಿಂಗೆ ಹೋತು. ಇಷ್ಟೆಲ್ಲ ಜೋರು ಇಪ್ಪ ಆ ಜಂತು ಪುಚ್ಚೆಯ ಕಂಡರೆ ಓಡ್ತು!

ಇಷ್ಟು ವಿವರವ ಪುಳ್ಳಿ ಒಂದೇ ಉಸಿಲಿಲಿ ಹೇಳಿದ°. ಎನಗೆ ಆಟಂದ ದೊಡ್ಡ ಆಶ್ಚರ್ಯ ಅದುವೇ. ಎಂತಕೆ ಹೇಳಿರೆ ಜೂನಿಂದ ಮತ್ತೆ ಅವ° ಅಷ್ಟು ಮಾತಾಡಿದ್ದರ ಆನು ಕೇಳಿದ್ದಿಲ್ಲೆ.

ಮಗ° ಸೊಸೆ ಬೆಂಗ್ಳೂರಿಲಿ ಇತ್ತಿದ್ದವು. ಈ ವರ್ಷ ಎಪ್ರಿಲಿಲಿ ಊರಿಂಗೆ ಬಂದವು. ಮಗಂಗೆ ಮನೆಂದಲೇ ಕೆಲಸ, ಇವಕ್ಕೆ ಪ್ರಾಯ ಆತು, ತೋಟ ನೋಡ್ಲೆ ಜನ ಬೇಕು. ದೊಡ್ಡವಕ್ಕೆಲ್ಲ ಲಾಯಿಕ ಆತು. ಪುಳ್ಳಿಗೆ ಮಾಂತ್ರ ಅಲ್ಲಿಯಾಣ ಚೆಂಙಾಯಿಗೊ ಎಲ್ಲ ತಪ್ಪಿ ಹೋದವು. ಇಲ್ಲಿ ಶಾಲೆಯ ಒಳ ಕನ್ನಡವೋ ಇಂಗ್ಲೀಷೋ ಇಕ್ಕು, ಆಟದ ಜಾಲಿಂಗೆ ಇಳುದರೆ ಪೂರಾ ತುಳು. ಅವಂಗೆ ತುಳು ಒಂದಕ್ಷರ ಬಾರ. ಅವನ ಬೆಂಗ್ಳೂರು ಕನ್ನಡ ಕೇಳಿ ಸುರುವಾಣ ವಾರವೇ ಒಬ್ಬ° ಮಾಣಿ ನೆಗೆ ಮಾಡಿದ°, ಅವನ ನೋಡಿ ಹತ್ತು ಜನ ನೆಗೆ ಮಾಡಿದವು. ಅಂದೇ ಬಾಯಿ ಮುಚ್ಚಿದ°. ಮನೆಲಿ ನಮ್ಮ ಭಾಷೆ ಮಾತಾಡುಗು, ಅದುದೇ ಬೇಕಾದಷ್ಟು ಮಾಂತ್ರ. ಟೀಚರು ಎರಡು ಸರ್ತಿ ಫೋನು ಮಾಡಿದವು: ಹಾಜರಿ ಕೂಗುವಗ ಕೈ ನೆಗ್ಗುತ್ತ°, ಬಾಯಿ ಬಿಡ್ತಾ° ಇಲ್ಲೆ, ಬುತ್ತಿ ಒಬ್ಬನೇ ಕರೆಲಿ ಕೂದು ಉಣ್ತ° ಹೇಳಿ. ಸೊಸೆ ಅದರ ಕೇಳಿ ಎರಡು ದಿನ ಸರಿ ಉಂಡಿದಿಲ್ಲೆ.

ಮಗಂಗೆ ಈ ವೇಷ ಸುತರಾಂ ಬೇಡ. "ಮಕ್ಕೊ ಮೊಬೈಲು ಮುಟ್ಲಾಗ ಹೇಳಿ ಶಾಲೆಲಿ ಭಾಷಣ ಮಾಡ್ತವು, ನಾವು ಮೊಬೈಲಿನ ರಾಕ್ಷಸನನ್ನೇ ಸ್ಟೇಜಿಂಗೆ ಹತ್ಸುದೋ ಅಮ್ಮಾ?" ಹೇಳಿ ಕೇಳಿದ°. ಅವನ ಮಾತಿಲಿ ನ್ಯಾಯ ಇಲ್ಲೆ ಹೇಳಿ ಅಲ್ಲ. ಆಯಿತ್ಯವಾರ ಅರ್ಧ ಗಂಟೆ ಮಾಂತ್ರ ಹೇಳಿ ಅವನೇ ಲೆಕ್ಕ ಹಾಕಿ ಮೊಬೈಲು ಕೊಡುದು. ಸೊಸೆ, "ಕೃಷ್ಣ ಮಾಡಿರೆ ಎಷ್ಟು ಚೆಂದ ಕಾಣ್ತ° ಅತ್ತೆ, ಪೇಟೆಲಿ ಡ್ರೆಸ್ಸು ಬಾಡಿಗೆಗೆ ಸಿಕ್ಕುತ್ತು" ಹೇಳಿತ್ತು. ಚೀಟಿಲಿ ಇನ್ನೊಂದು ಗೆರೆ ಇತ್ತು. ಪ್ರತಿಯೊಂದು ಮಗುವುದೇ ತನ್ನ ವೇಷದ ಬಗ್ಗೆ ಎರಡು ವಾಕ್ಯ ಹೇಳೆಕ್ಕು.

"ಕ್ರೀಪರ್ ಮಾತಾಡ್ತಿಲ್ಲೆನ್ನೆ ಅಜ್ಜಿ" ಹೇಳಿದ° ಪುಳ್ಳಿ. ಹೇಳುವಗ ಎನ್ನ ಮೋರೆ ನೋಡಿದ್ದಿಲ್ಲೆ, ಕೂದ ಚಾಪೆಯ ಎಳೆ ಕಿತ್ತೊಂಡಿತ್ತಿದ್ದ°.

ಮೋರೆ ಕಾಣದ್ದ ವೇಷ, ಮಾತು ಬೇಡದ್ದ ವೇಷ. ಆನು ಹೆಚ್ಚು ಕೇಳ್ಲೆ ಹೋಯಿದಿಲ್ಲೆ. "ಕತ್ತರುಸುದು ಆನು, ಹೊಲಿವದು ಆನು, ನಿಂಗೊಗೆಂತ ಖರ್ಚು?" ಹೇಳಿ ಮಗನ ಬಾಯಿ ಮುಚ್ಚುಸಿದೆ.

ಅಂಬಗ ಇನ್ನು ಅಳತೆ. ಈ ಆಟಲ್ಲಿ ಎಲ್ಲವೂ ಚೌಕದ ಲೆಕ್ಕ ಆದ ಕಾರಣ ನವಗೆ ಭಾರೀ ಸುಲಾಬ. ಕ್ರೀಪರಿನ ತಲೆ ಉದ್ದ, ಅಗಲ, ಎತ್ತರ ಎಲ್ಲವೂ 8 ಚೌಕ. ಮೈ 8 ಚೌಕ ಅಗಲ, 12 ಎತ್ತರ, 4 ದಪ್ಪ. ಕಾಲು ಒಂದೊಂದು 4 ಅಗಲ, 6 ಎತ್ತರ. ಒಂದು ಚೌಕಕ್ಕೆ ಒಂದೂವರೆ ಇಂಚು ಹೇಳಿ ಮಡುಗಿರೆ ತಲೆ ಸರೀ ಒಂದು ಅಡಿ ಆವುತ್ತು. ಆದರೆ ಮೈಯ ದಪ್ಪ 6 ಇಂಚು ಮಾಂತ್ರ ಬಪ್ಪದು. ಮಾಣಿಯ ಹೊಟ್ಟೆ ಎಲ್ಲಿಗೆ ಹೋಯೆಕ್ಕು? ಹಾಂಗಾಗಿ ತಲೆಯ ಲೆಕ್ಕ ಇದ್ದ ಹಾಂಗೇ ಮಡುಗಿ, ಮೈಯ 2 ಅಡಿ ಉದ್ದ, 9 ಇಂಚು ದಪ್ಪ ಮಾಡಿದೆ. ಪುಳ್ಳಿಗೆ ಅದು ಸಮಾಧಾನ ಇಲ್ಲೆ, "ಇದು ತೋರದ ಕ್ರೀಪರ್" ಹೇಳಿದ°. "ನಮ್ಮ ಮನೆಲಿ ಉಂಡ ಕ್ರೀಪರ್ ತೋರವೇ ಅಪ್ಪದು" ಹೇಳಿದೆ.

ಮೋರೆ ಚುಕ್ಕಿ ರಂಗೋಲಿ ಹಾಕುವವಕ್ಕೆ ಎರಡು ನಿಮಿಷದ ಕೆಲಸ. 8 ಸಾಲು, ಸಾಲಿಂಗೆ 8 ಮನೆ. ಮೇಲಾಣ ಎರಡು ಸಾಲು ಪೂರಾ ಹಶುರು. ಮೂರನೇ, ನಾಲ್ಕನೇ ಸಾಲಿಲಿ ಎಡತ್ತಿಂದ ಎರಡು-ಮೂರು, ಆರು-ಏಳು ಮನೆ ಕಪ್ಪು, ಅದು ಕಣ್ಣು. ಐದನೇ ಸಾಲಿಲಿ ನೆಡುಗಾಣ ಎರಡು ಮನೆ. ಆರು, ಏಳನೇ ಸಾಲಿಲಿ ನೆಡುಗಾಣ ನಾಲ್ಕು ನಾಲ್ಕು. ಅಕೇರಿ ಸಾಲಿಲಿ ಮೂರನೇದುದೇ ಆರನೇದುದೇ. 64ರಲ್ಲಿ ಕಪ್ಪು ಬಪ್ಪದು 20 ಮನೆ. ಒಂದು ಮನೆ ಅತ್ಲಾಗಿ ಇತ್ಲಾಗಿ ಆದರೂ ಮೋರೆಯ ಕಳೆ ಹೋತು. ಪುಳ್ಳಿ ಸ್ಕೇಲು ಹಿಡುದು ಎರಡೆರಡು ಸರ್ತಿ ಲೆಕ್ಕ ಹಾಕಿದ°.

ಪೆಟ್ಟಿಗೆಗೆ ಹುಡ್ಕಿಯೊಂಡು ಹೋಪ ಅಗತ್ಯ ಬಯಿಂದಿಲ್ಲೆ. ತಲಗೆ ಅಟ್ಟಲ್ಲಿ ಇದ್ದ ಮಿಕ್ಸಿಯ ಪೆಟ್ಟಿಗೆಯ ಕೊಯ್ದು ಸಮ ಮಾಡಿದ್ದು. ಮೈಗೆ ಅಂಗಡಿಂದ ತಂದ ಬಿಸ್ಕುಟಿನ ರಟ್ಟು. ಕಾಲಿಂಗೆ ನಾಲ್ಕು ಶೂ ಪೆಟ್ಟಿಗೆ. ಒಂದು ಸಂಗತಿ ನೆಂಪು ಮಡಿಕ್ಕೊಳ್ಳಿ: ರಟ್ಟಿನ ಹೆರಾಣ ಹೊಡೆಲಿ ಅಚ್ಚು, ಹೊಳಪು ಇದ್ದರೆ ನೀರಿನ ಬಣ್ಣ ಹಿಡಿತ್ತಿಲ್ಲೆ, ಒಣಗಿದ ಮತ್ತೆ ಹೊಪ್ಪಳೆ ಎದ್ದು ಬತ್ತು. ಅಂಟಿಸಿದ ಜಾಗೆಲಿ ಪೀಶಕತ್ತಿ ಹಾಕಿ ಬಿಡುಸಿ, ಒಳಾಣ ಮೈ ಹೆರ ಬಪ್ಪ ಹಾಂಗೆ ತಿರುಗುಸಿ ಮಡುಸಿರೆ ಬಣ್ಣ ಗೋಡೆಲಿ ನಿಂದ ಹಾಂಗೆ ನಿಲ್ಲುತ್ತು.

ಅಂಟು ಮೈದದ್ದು. ಒಂದು ಕುಡ್ತೆ ಮೈದಕ್ಕೆ ಐದು ಕುಡ್ತೆ ನೀರು, ತಣ್ಣೀರಿಲಿಯೇ ಗಂಟಿಲ್ಲದ್ದೆ ಕಲಸಿ, ಸಣ್ಣ ಕಿಚ್ಚಿಲಿ ಹೊಳಪು ಬಪ್ಪವರೆಗೆ ತೊಳಸುದು. ಹುಳು ತಿನ್ನದ್ದ ಹಾಂಗೆ ಅದಕ್ಕೆ ರಜ್ಜ ಮೈಲುತುತ್ತು ಹಾಕುವ ಕ್ರಮ ಇದ್ದು. ಅಡಕ್ಕೆಗೆ ಮದ್ದು ಬಿಡ್ಲೆ ತಂದದು ಕೊಟ್ಟಗೆಲಿ ಇತ್ತುದೇ. ಆದರೆ ಅದು ವಿಷ. ಮಕ್ಕಳ ಮೋರೆಗೆ, ಬಾಯಿಗೆ ತಾಗುವ ವಸ್ತುವಿಂಗೆ ಸರ್ವಥಾ ಬೇಡ. ಒಂದು ದಿನದ ವೇಷಕ್ಕೆ ಹುಳು ಹಿಡಿವಷ್ಟು ಪುರ್ಸೊತ್ತು ಎಲ್ಲಿದ್ದು!

ಬಣ್ಣಕ್ಕೆ ಕಳುದ ವರ್ಷ ಜೆಗಿಲಿಗೆ ಬಳುಗಿ ಒಳುದ ಬೆಳಿ ಡಿಸ್ಟೆಂಪರು. ಪೈಂಟಿನ ಅಂಗಡಿಲಿ ಸ್ಟೈನರ್ ಹೇಳಿ ಸಣ್ಣ ಬಾಟ್ಲಿ ಸಿಕ್ಕುತ್ತು. ಹಶುರು ಒಂದು, ಕಪ್ಪು ಒಂದು ತರ್ಸಿದೆ. ಆರು ಗೆರಟೆ ಸಾಲಾಗಿ ಮಡುಗಿ ಡಿಸ್ಟೆಂಪರು ಎರದು, ಒಂದಕ್ಕೆ ಎರಡು ಹನಿ ಹಶುರು, ಮತ್ತಾಣದ್ದಕ್ಕೆ ಐದು, ಇನ್ನೊಂದಕ್ಕೆ ಹತ್ತು, ಅಕೇರಿದಕ್ಕೆ ರಜ್ಜ ಕಪ್ಪುದೇ. ಎಳತ್ತು ಚಿಗುರಿಂದ ಹಿಡುದು ಬಲುದ ಹಲಸಿನ ಎಲೆಯವರೆಗೆ ಆರು ಹಶುರು ಬಂತು. ಒಂದೇ ಬಣ್ಣ ಬಳುಗಿರೆ ಅದು ಅಂಚೆ ಪೆಟ್ಟಿಗೆ ಅಕ್ಕಷ್ಟೆ, ಕ್ರೀಪರ್ ಆಗ. ಇಲ್ಲಿ ಯಜಮಾನ° ಪುಳ್ಳಿ. "ಅಜ್ಜಿ, ಇಲ್ಲಿ ಒಂದೇ ಬಣ್ಣ ಹತ್ತರೆ ಹತ್ತರೆ ಬಂತು", "ಅಜ್ಜಿ, ಇದು ಗೆರೆಂದ ಹೆರ ಹೋತು". ಅಟ್ಟುಂಬೊಳಲ್ಲಿ ಇಷ್ಟು ವರ್ಷಲ್ಲಿ ಎನಗೆ ಆರೂ ಹೀಂಗೆ ಕೆಲಸ ಹೇಳಿಕೊಟ್ಟಿದವಿಲ್ಲೆ!

ಬಣ್ಣ ಬಳುಗುವಗ ಮಕ್ಕೊ ಮಾತಾಡುವಷ್ಟು ಬೇರೆ ಏವಗಳೂ ಮಾತಾಡವು. ಎದುರಾ ಎದುರು ಕೂದು ಕೇಳಿರೆ ಸಿಕ್ಕದ್ದ ಉತ್ತರ, ಎರಡು ಜನ ಒಂದೇ ರಟ್ಟಿನ ನೋಡಿಯೊಂಡಿಪ್ಪಗ ಅದರಷ್ಟಕ್ಕೆ ಬತ್ತು. ನೆಗೆ ಮಾಡಿದ ಮಾಣಿಯ ಹೆಸರು ಹೇಳಿದ°. ಅವ° ಕಬಡ್ಡಿಲಿ ಉಶಾರು ಹೇಳಿದ°. ಅವನ ಬೇಗಿಲಿ ಕ್ರೀಪರಿನ ಸ್ಟಿಕ್ಕರು ಇದ್ದು ಹೇಳಿಯೂ ಹೇಳಿದ°. ಆನು "ಹಾಂ, ಹಾಂ" ಹೇಳಿಗೊಂಡು ಕುಂಚ ಎಳದೆ.

ತಲೆಯ ಕೂರ್ಸುದು ಹೇಂಗೆ ಹೇಳಿ ದೊಡ್ಡ ಪ್ರಶ್ನೆ ಬಂತು. ಪೆಟ್ಟಿಗೆಯ ಸುಮ್ಮನೆ ಕವುಂಚಿ ಹಾಕಿರೆ ಅದು ಭುಜದ ಮೇಲೆ ಕೂರ್ತು. ಮಾಣಿ ಅತ್ಲಾಗಿ ತಿರುಗಿರೆ ಪೆಟ್ಟಿಗೆ ಇತ್ಲಾಗಿ ನೋಡ್ತು. ಇವು ಮೂರು ದಿನಂದ ಜೆಗಿಲಿಯ ಕುರ್ಶಿಲಿ ಕೂದು ಪೇಪರಿನ ಮೇಲಂದ ನೋಡಿಯೊಂಡಿತ್ತಿದ್ದವು, ಒಂದಕ್ಷರ ಮಾತಾಡಿದ್ದವಿಲ್ಲೆ. ಈಗ ಎದ್ದು ಹೋಗಿ ಕೊಟ್ಟಗೆಂದ ಒಂದು ಹಾಳೆಯ ಮುಟ್ಟಾಳೆ ತಂದವು. "ಇದರ ಒಳಂದ ಹೊಲಿ" ಹೇಳಿದವು. ಅಷ್ಟೇ. ಮುಟ್ಟಾಳೆ ಹೇಳಿರೆ ನಮ್ಮ ಊರಿನ ಹೆಲ್ಮೆಟ್ಟು ಅಲ್ದೋ, ಮರ ಹತ್ತುವವಂಗೂ ಹೊರೆ ಹೊರುವವಂಗೂ. ಪೆಟ್ಟಿಗೆಯ ಮೇಲಾಣ ರಟ್ಟಿಂಗೆ ನಾಲ್ಕು ಒಟ್ಟೆ ಮಾಡಿ, ದಬ್ಬಣಲ್ಲಿ ಗೋಣಿನೂಲು ಹಾಕಿ ಮುಟ್ಟಾಳೆಯ ಒಳಂದ ಬಿಗುದೆ. ಒಳಾಂಗೆ ಹಳೇ ಬೈರಾಸಿನ ತುಂಡು. ಪುಳ್ಳಿ ಹಾಕಿ ತಲೆ ಆಡ್ಸಿದ°, ಪೆಟ್ಟಿಗೆ ತಲೆಯೊಟ್ಟಿಂಗೇ ತಿರುಗಿತ್ತು. ಬಾಡಿಗೆ ಅಂಗಡಿಯ ಏವ ಕಿರೀಟವೂ ಅಷ್ಟು ಗಟ್ಟಿ ಕೂರ.

ಕ್ರೀಪರಿನ ಕಣ್ಣು ಪುಳ್ಳಿಯ ನೆತ್ತಿಗೆ ಬತ್ತು. ಅವನ ಕಣ್ಣಿಂಗೆ ನೇರ ಬಪ್ಪದು ಅದರ ಮೂಗು, ಬಾಯಿ. ಹಾಂಗಾಗಿ ಕಣ್ಣಿನ ಕಪ್ಪು ಬಣ್ಣಲ್ಲಿ ಬರದು, ಐದನೇ ಸಾಲಿಂದ ಕೆಳಾಣ ಕಪ್ಪು ಮನೆಗಳ ಮಾಂತ್ರ ಕೊಯ್ದು ತೆಗದು, ಒಳಂದ ಕಪ್ಪು ನುಸಿಬಲೆಯ ತುಂಡು ಅಂಟುಸಿದೆ. ಒಳ ಕಸ್ತಲೆ, ಹೆರ ಬೆಣಚ್ಚು ಇಪ್ಪ ಕಾರಣ ಅವಂಗೆ ಎಲ್ಲೋರು ಕಾಣ್ತವು, ನವಗೆ ಅವನ ಮೋರೆ ಕಾಣ್ತಿಲ್ಲೆ. ಉಸಿಲಿಂಗೂ ತೊಂದರೆ ಇಲ್ಲೆ. ಹಿಂದಾಣ ಹೊಡೆಲಿ ಗಾಳಿಗೆ ಇನ್ನೂ ಆರು ಒಟ್ಟೆ ಮಾಡಿದೆ.

ಜಗಳ ಆದ್ದು ಕೈಯ ವಿಷಯಲ್ಲಿ. ಕ್ರೀಪರಿಂಗೆ ಕೈ ಇಲ್ಲೆ, ಹಾಂಗಾಗಿ ಕೈ ಒಳವೇ ಇರೆಕ್ಕು ಹೇಳಿ ಅವನ ಹಟ. ಎಡಗಿ ಬೀಳುವಗ ಮಕ್ಕೊ ಮದಾಲು ಊರುದು ಕೈಯನ್ನೇ. ಅದು ಪೆಟ್ಟಿಗೆಯ ಒಳ ಸಿಕ್ಕಿಗೊಂಡರೆ ನೆಲಕ್ಕೆ ತಾಗುದು ಹಲ್ಲು. ಅದಕ್ಕೆ ಆನು ಒಪ್ಪಿದ್ದಿಲ್ಲೆ. ಅಕೇರಿಗೆ ಎರಡೂ ಹೊಡೆಲಿ ಉದ್ದಕೆ ಕೊಯ್ದು, ಅದರ ಮೇಲೆ ಅದೇ ಹಶುರಿನ ವಸ್ತ್ರ ಬಾಗಿಲಿನ ಹಾಂಗೆ ಇಳುಶಿದೆ. ಕೈ ಒಳ ಇಕ್ಕು, ಬೇಕಪ್ಪಗ ಒಂದೇ ಕ್ಷಣಲ್ಲಿ ಹೆರ ಬಕ್ಕು. ಎದುರಾಣ ಎರಡು ಕಾಲು ಅವನ ಕಾಲಿಂಗೇ ಹಾಕುದು, ಹಿಂದಾಣ ಎರಡು ನೆಲಂದ ಎರಡು ಇಂಚು ಮೇಲೆ ನೇಲುದು. ಮೈಗೂ ಕಾಲಿಂಗೂ ಎಡೆಲಿ ಕಾಂಬಲ್ಲಿಗೆ ಎನ್ನ ಹಳೇ ಹಶುರು ಲಂಗ.

ನಾಲ್ಕನೇ ದಿನ ಹೊತ್ತೋಪಗ ಇವಕ್ಕೆ ಬಾಯಿ ಬಂತು. ಆಟದ ಮರುಳು ಇವಕ್ಕೆ ಸಣ್ಣಾದಿಪ್ಪಗಳೇ ಇದ್ದು. ಆಟ ಹೇಳಿರೆ ಯಕ್ಷಗಾನ, ಮೊಬೈಲಿಂದಲ್ಲ. ತೆಂಕುತಿಟ್ಟಿನ ಬಣ್ಣದ ವೇಷದ ಸುದ್ದಿ ತೆಗದವು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮೋರೆಲಿ ಮುಳ್ಳು ಮುಳ್ಳಾಗಿ ಚಿಟ್ಟಿ ಮಡುಗುದು, ಬಣ್ಣದ ಮಾಲಿಂಗನ ಹಾಂಗಿಪ್ಪ ದೊಡ್ಡ ವೇಷಧಾರಿಗೊ ಚೌಕಿಲಿ ಕನ್ನಟಿ ಹಿಡ್ಕೊಂಡು ತಮ್ಮ ಮೋರೆಯ ತಾವೇ ಗಂಟೆಗಟ್ಲೆ ಬರಕ್ಕೊಂಡಿದ್ದದು, ಮತ್ತೆ ಆ ಆರ್ಭಟೆ, ಸಣ್ಣ ಮಕ್ಕೊ ಅಬ್ಬೆಯ ಸೆರಗಿನ ಒಳ ಹೊಗ್ಗುದು. ಪುಳ್ಳಿ ಬಾಯಿ ಬಿಟ್ಟು ಕೇಳಿದ°. "ಅಜ್ಜಾ, ಆ ರಾಕ್ಷಸಂಗೆ ಮಾತಿದ್ದೋ?" "ಇದ್ದನ್ನೆ, ಬೇಕಾದಷ್ಟು ಇದ್ದು." "ಹಾಂಗಾರೆ ಎನಗೆ ಇದುವೇ ಅಕ್ಕು" ಹೇಳಿದ°.

ಮಾತಿನ ವಿಷಯ ಹಾಂಗೇ ಒಳುದಿತ್ತನ್ನೆ. ಎರಡು ವಾಕ್ಯ ಹೇಳ್ಲೇಬೇಕು. ಇರುಳು ದೋಸೆಗೆ ಕಡವಗ ಎನಗೊಂದು ಉಪಾಯ ಹೊಳದತ್ತು. "ಬಾಯಿಲಿ ಹೇಳೆಡ, ಬೆನ್ನಿಲಿ ಬರೆ. ಅವು ಕೇಳಿಯಪ್ಪಗ ತಿರುಗಿ ನಿಲ್ಲು, ಓದಿಗೊಳ್ಳಲಿ" ಹೇಳಿದೆ. ಅವಂಗೆ ಜೋರು ನೆಗೆ ಬಂತು. ಬೆನ್ನಿನ ರಟ್ಟಿಲಿ ಅವನೇ ದೊಡ್ಡ ಅಕ್ಷರಲ್ಲಿ ಬರದ°: "ನಾನು ಕ್ರೀಪರ್. ನನಗೆ ಬೆಕ್ಕು ಅಂದ್ರೆ ಭಯ."

ಅಂದು ಉದಿಯಪ್ಪಗ ರಿಕ್ಷಲ್ಲಿ ತಲೆ ಎನ್ನ ಮಡಿಲಿಲಿ, ಮೈ ಸೊಸೆಯ ಮಡಿಲಿಲಿ. ರಿಕ್ಷದವ° ಕನ್ನಟಿಲಿ ಮೂರು ಸರ್ತಿ ನೋಡಿದ°. ಶಾಲೆಲಿ ಮೂರು ಕೃಷ್ಣ, ಎರಡು ಭಾರತಮಾತೆ, ಒನಕೆ ಹಿಡುದ ಓಬವ್ವ, ಎಲೆ ಕಟ್ಟಿದ ಒಂದು ಮರ, ಒಬ್ಬ° ಸೈನಿಕ°. ಎಂಗಳ ರಾಕ್ಷಸ° ಹದಿಮೂರನೇದು. ಅಷ್ಟು ಹೊತ್ತು ಅವ° ತಲೆ ಹಾಕಿಯೇ ಕೂದಿತ್ತಿದ್ದ°, ತೆಗೆ ಹೇಳಿರೆ ಕೇಳ°. ಮುಟ್ಟಾಳೆ ಇದ್ದದಕ್ಕೆ ತಲೆಬೇನೆ ಬಯಿಂದಿಲ್ಲೆ.

ಹೆಸರು ಕೂಗಿದವು. ಸ್ಟೇಜಿನ ನೆಡೂಕೆ ಬಂದು ನಿಂದ°. ತೀರ್ಪು ಕೊಡುವವು ಮೂರು ಜನ, ಮೂರು ಜನವುದೇ ನಮ್ಮ ಪ್ರಾಯದವು. ಒಬ್ಬ° ಇನ್ನೊಬ್ಬನತ್ತರೆ ಬಗ್ಗಿ "ಇದೆಂಥದು, ಫ್ರಿಜ್ಜಾ?" ಕೇಳಿದ್ದು ಎನ್ನ ಕೆಮಿಗೆ ಬಿದ್ದತ್ತು. ಪುಳ್ಳಿ ಅಲ್ಲಾಡ್ತಾ° ಇಲ್ಲೆ. ಎನ್ನ ಎದೆ ಢಬ ಢಬ ಹೇಳ್ಲೆ ಸುರು ಆತು. ಸೊಸೆಯ ಕೈ ಎನ್ನ ಮೊಣಕೈಯ ಹಿಡ್ಕೊಂಡತ್ತು.

ಆಗ ಹಿಂದಾಣ ಸಾಲಿಂದ ಒಂದು ದೆನಿ. "ಕ್ರೀಪರ್! ಬಲಿಪುಲೆ!" ಓಡಿ ಹೇಳಿ, ತುಳುವಿಲಿ. ಮತ್ತೆ ಎಂತ ಹೇಳುದು! ಸಭೆಲಿ ಇದ್ದ ಮಕ್ಕೊ ಪೂರಾ ಎದ್ದು ನಿಂದವು. ಅಷ್ಟು ಮಕ್ಕಳಲ್ಲಿ ಒಂದಕ್ಕಾದರೂ "ಇದು ಎಂತ" ಹೇಳಿ ಕೇಳುವ ಅಗತ್ಯ ಬಯಿಂದಿಲ್ಲೆ. ಪುಳ್ಳಿ ಮೆಲ್ಲಂಗೆ, ಸದ್ದಿಲ್ಲದ್ದೆ ಸ್ಟೇಜಿನ ಕರೆವರೆಗೆ ಬಂದ°. ಬಗ್ಗಿದ°. "ಸ್ಸ್ಸ್ಸ್ಸ್..." ಎದುರಾಣ ಸಾಲಿನ ಸಣ್ಣವು ಒಬ್ಬನ ಮೇಲೆ ಒಬ್ಬ° ಬಿದ್ದು ಹಿಂದಂಗೆ ಜಾರಿದವು, ಬೊಬ್ಬೆ, ನೆಗೆ. ಅಷ್ಟಪ್ಪಗ ಆರೋ ಒಬ್ಬ° ಪೋಕರಿ "ಮ್ಯಾಂವ್" ಹೇಳಿದ°!

ಇದರ ಎಂಗೊ ಅಭ್ಯಾಸ ಮಾಡ್ಸಿದ್ದಲ್ಲ. ಕ್ರೀಪರ್ ಒಂದರಿ ಬೆಚ್ಚಿಬಿದ್ದ°, ತಿರುಗಿದ°, ನಾಲ್ಕು ಕಾಲೂ ಪಟಪಟ ಬಡುದೊಂಡು ಸ್ಟೇಜಿನ ಆ ಹೊಡೆಂಗೆ ಓಡಿದ°. ತಿರುಗಿ ಓಡಿಯಪ್ಪಗ ಬೆನ್ನಿಲಿ ಬರದ್ದು ಎಲ್ಲೋರಿಂಗೂ ಕಂಡತ್ತು. ಅದರ ಓದಿ ಟೀಚರಕ್ಕೊ ನೆಗೆ ಮಾಡ್ಲೆ ಸುರು ಮಾಡಿದವು. ಎನ್ನ ಮಗ°, ಮೊಬೈಲಿನ ರಾಕ್ಷಸ° ಬೇಡ ಹೇಳಿದವ°, ಅದೇ ಮೊಬೈಲಿನ ನೆಗ್ಗಿ ಹಿಡುದು ವಿಡಿಯೋ ಮಾಡಿಗೊಂಡಿತ್ತಿದ್ದ°. ಅದರಲ್ಲಿ ಅರ್ಧಂದ ಮತ್ತೆ ಬರೇ ಚೆಪ್ಪರ ಕಾಣ್ತು, ಕೈ ನಡುಗಿ.

ಪ್ರೈಸು ಓಬವ್ವಂಗೆ. ಸರಿಯೇ, ಆ ಕೂಸು ಲಾಯಿಕ ಮಾತಾಡಿತ್ತು. ಎರಡನೇದು ಮರಕ್ಕೆ. ಎಂಗೊಗೆ ಎಂತ ಇಲ್ಲೆ, ಒಂದು ಪೆನ್ಸಿಲು ಎಲ್ಲೋರಿಂಗೂ ಕೊಟ್ಟ ಹಾಂಗೆ ಕೊಟ್ಟವು.

ಹೆರ ಬಂದು ತಲೆ ತೆಗವಗ ಮೋರೆ ಕೆಂಪು, ಬೆಗರು ಇಳಿತ್ತಾ ಇದ್ದು. ಮಕ್ಕೊ ಮುತ್ತಿದವು. ಒಬ್ಬಂಗೆ ತಲೆ ಹಾಕಿ ನೋಡೆಕ್ಕು, ಇನ್ನೊಬ್ಬಂಗೆ ಕಾಲು. ಅವರಲ್ಲಿ ಒಬ್ಬ° ಮಾಣಿಯ ಬೇಗಿಲಿ ಹಶುರು ಸ್ಟಿಕ್ಕರು ಇತ್ತು, ಆನು ನೋಡಿದೆ. ಅವ° ಮುಟ್ಟಾಳೆಯ ಒಳಂದ ಮುಟ್ಟಿ ನೋಡಿ ಕೇಳಿದ°, "ಉಂದು ಏರ್ ಮಲ್ತಿನ?" ಇದರ ಆರು ಮಾಡಿದ್ದು ಹೇಳಿ.

ಪುಳ್ಳಿ ಎನ್ನ ತೋರ್ಸಿ, "ಎನ್ನ ಅಜ್ಜಿ" ಹೇಳಿದ°.

ಅವ° ಹೇಳಿದ್ದು ನಮ್ಮ ಭಾಷೆಲಿ. ತುಳುವಿಲಿಯೂ ಅದು ಹಾಂಗೇ, "ಎನ್ನ ಅಜ್ಜಿ". ಆ ಮಾಣಿಗೆ ಅದು ಚೋದ್ಯ ಕಂಡಿದಿಲ್ಲೆ, ಮುಂದಾಣ ಪ್ರಶ್ನೆಯನ್ನೂ ತುಳುವಿಲೇ ಕೇಳಿದ°. ಪುಳ್ಳಿಗೆ ಎಷ್ಟು ಅರ್ಥ ಆತೋ, ಮುಟ್ಟಾಳೆ ಕೈಲಿ ಹಿಡ್ಕೊಂಡು ಎಂತದೋ ವಿವರುಸಿಗೊಂಡಿತ್ತಿದ್ದ°. ಆನು ದೂರ ಹೋಗಿ ನಿಂದೆ.

ಮರದಿನಂದಲೇ ಮಾತಿನ ಮಲ್ಲ° ಆಯಿದ° ಹೇಳಿ ಗ್ರೇಶೆಡಿ. ಹಾಜರಿಗೆ "ಪ್ರೆಸೆಂಟ್" ಹೇಳ್ತ°, ಅದುದೇ ಎದುರಾಣ ಬೆಂಚಿಂಗೆ ಮಾಂತ್ರ ಕೇಳುವಷ್ಟು ಮೆಲ್ಲಂಗೆ, ಹೇಳಿದವು ಟೀಚರು. ಬುತ್ತಿಲಿ ಮಾಂತ್ರ ಈಗ ಎರಡು ದೋಸೆ ಹೆಚ್ಚು ಹಾಕೆಕ್ಕು ಹೇಳ್ತ°. ಆರಿಂಗೆ ಹೇಳಿ ಆನು ಕೇಳಿದ್ದಿಲ್ಲೆ. ಖರ್ಚಿನ ಲೆಕ್ಕ ಕೇಳುವವಕ್ಕೆ: ಸ್ಟೈನರುದೇ ಟೇಪುದೇ ಸೇರಿ 150 ರುಪಾಯಿಯ ಒಳ. ತಲೆ ಈಗ ಜೆಗಿಲಿಯ ಮೂಲೆಲಿ ಇದ್ದು. ಅದರ ಮಗಚ್ಚಿ ಮಡುಗಿದ್ದೇ ಸೈ, ಮುಟ್ಟಾಳೆಯ ಒಳ ಬೈರಾಸಿನ ಮೇಲೆ ಎಂಗಳ ಪುಚ್ಚೆ ಹೋಗಿ ಒರಗಿದ್ದು.

ಕಳುದ ಆಯಿತ್ಯವಾರ ಎರಡು ಮಕ್ಕೊ ಮನಗೆ ಬಂದವು. ಶಾಲೆಯ ವಾರ್ಷಿಕೋತ್ಸವಕ್ಕೆ ಮೂರು ಜನವೂ ಒಟ್ಟಿಂಗೆ ವೇಷ ಹಾಕುದಡ. ಈ ಸರ್ತಿ ಎಂಡರ್‌ಮ್ಯಾನ್ ಹೇಳುವ ಇನ್ನೊಂದು ರಾಕ್ಷಸ°. ಮೈ ಪೂರಾ ಕಪ್ಪು, ನೇರಳೆ ಕಣ್ಣು, ಅದರ ಕಣ್ಣಿಂಗೆ ಕಣ್ಣು ಕೊಟ್ಟು ನೋಡ್ಲಾಗ ಅಡ, ನೋಡಿರೆ ಅಟ್ಟುಸಿಗೊಂಡು ಬತ್ತಡ. ಕೈಕಾಲು ಸಪುರ, ಭಾರೀ ಉದ್ದ. ಕಪ್ಪು ವಸ್ತ್ರಕ್ಕೆ ಹರುದ ಕೊಡೆ ನಾಲ್ಕು ಒಟ್ಟಾಯಿದು. ಕೈಕಾಲಿಂಗೆ ಬೇಕಪ್ಪದು ವಸ್ತ್ರದ ಅಂಗಡಿಲಿ ಥಾನು ಸುತ್ತಿ ಬಪ್ಪ ರಟ್ಟಿನ ಕೊಳವೆ. ನಿಂಗಳ ಗುರ್ತದ ಅಂಗಡಿಲಿ ಇದ್ದರೆ ಇಡ್ಕಲೆ ಬಿಡೆಡಿ, ಎಂಗಳ ಮನಗೆ ಕಳುಸಿ. ಉದ್ದ ಮೂರು ಅಡಿಂದ ಕಮ್ಮಿ ಅಪ್ಪಲಾಗ, ಎಂಟಾದರೂ ಬೇಕು.